ನಿಶ್ಚಿತಾರ್ಥದ ಉಂಗುರಕ್ಕೆ ವಜ್ರದ ಜೊತೆ ಬಣ್ಣದ ಹರಳು: ಆರಿಸುವುದು, ಕಟ್ಟಿಸುವುದು, ಕಾಪಾಡುವುದು

ವಜ್ರದ ಜೊತೆ ಬೇರೆ ಹರಳು ಸೇರಿಸಿ ಉಂಗುರ ಮಾಡಿಸುವವರು ಅಂಗಡಿಯಲ್ಲಿ ಮೊದಲು ನೋಡುವುದು ಬಣ್ಣ, ಆಮೇಲೆ ಕೇಳುವುದು ಬೆಲೆ. ಅವೆರಡಕ್ಕೂ ಮುಂಚೆ ಕೇಳಬೇಕಾದದ್ದು ಗಡಸುತನ. ಉಂಗುರದಷ್ಟು ಪೆಟ್ಟು ತಿನ್ನುವ ಒಡವೆ ಇನ್ನೊಂದಿಲ್ಲ. ಓಲೆಯಲ್ಲೋ ಪದಕದಲ್ಲೋ ತಲೆಮಾರುಗಟ್ಟಲೆ ಬಾಳುವ ಹರಳು, ಉಂಗುರಕ್ಕೆ ಬಂದರೆ ಕೆಲವೇ ವರ್ಷಗಳಲ್ಲಿ ಮಂಕಾಗಬಹುದು. ಹಾಗಾಗಿ ಉಂಗುರದ ವಿನ್ಯಾಸವನ್ನು ಅದರಲ್ಲಿರುವ ಅತಿ ಮೆದು ಹರಳನ್ನು ನೋಡಿ ತೀರ್ಮಾನಿಸಬೇಕೇ ಹೊರತು ವಜ್ರವನ್ನು ನೋಡಿ ಅಲ್ಲ.

ಗಡಸುತನವನ್ನು ಮೋಹ್ಸ್ ಮಾಪನದಲ್ಲಿ 1ರಿಂದ 10ರವರೆಗೆ ಎಣಿಸುತ್ತಾರೆ. ವಜ್ರ 10. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ ಒಂದೇ ಕುರುಂದ ಖನಿಜದ ಬೇರೆ ಬೇರೆ ಬಣ್ಣಗಳು, ಮೂರಕ್ಕೂ 9. ವೈಡೂರ್ಯ 8.5, ಸ್ಪಿನೆಲ್ ಮತ್ತು ಟೋಪಾಜ್ 8, ಪಚ್ಚೆ 7.5ರಿಂದ 8. ಗೋಮೇಧಿಕ, ಅಮೆಥಿಸ್ಟ್ 7ರ ಆಸುಪಾಸು. ಚಂದ್ರಕಾಂತ, ಓಪಲ್ 6ರ ಹತ್ತಿರ. ಹವಳ, ಮುತ್ತು 3–4ರ ಮಟ್ಟದವು. ಗೆರೆ ಎಳೆಯಬೇಕಾದದ್ದು 7ರಲ್ಲಿ, ಏಕೆಂದರೆ ಧೂಳಿನಲ್ಲಿರುವ ಸ್ಫಟಿಕದ ಕಣಗಳ ಗಡಸುತನ 7. ಅಂಗಳದ ಮಣ್ಣು, ಅಡಿಕೆ ಚಪ್ಪರದ ಧೂಳು, ಸ್ಕೂಟರಿನ ಸೀಟಿನ ಮೇಲಿನ ಹುಡಿ, ಯಾವುದನ್ನು ಒರೆಸಿದರೂ 7ಕ್ಕಿಂತ ಕೆಳಗಿನ ಹರಳಿನ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಗೀರು ಸಾವಿರವಾದಾಗ ಹೊಳಪು ಹೋಗುತ್ತದೆ.

ಗಡಸು ಎಂದ ಮಾತ್ರಕ್ಕೆ ಒಡೆಯುವುದಿಲ್ಲ ಎಂದಲ್ಲ. ಟೋಪಾಜ್ 8 ಇದ್ದರೂ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ನೇರವಾಗಿ ಸೀಳುತ್ತದೆ. ಪಚ್ಚೆಯ ಒಳಗೆ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ, ಅವನ್ನು ಮರೆಸಲು ಎಣ್ಣೆಯನ್ನೋ ರಾಳವನ್ನೋ ತುಂಬಿರುತ್ತಾರೆ. ದಿನವೂ ಹಾಕುವ ಉಂಗುರಕ್ಕೆ ನಮ್ಮ ಶಿಫಾರಸು ನೀಲ, ಮಾಣಿಕ್ಯ ಅಥವಾ ಸ್ಪಿನೆಲ್. ಸ್ಪಿನೆಲ್ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಕೆಂಪು, ಗುಲಾಬಿ, ಬೂದುನೀಲಿ ಬಣ್ಣಗಳಲ್ಲಿ ಸಿಗುತ್ತದೆ, ಬಣ್ಣ ಹೆಚ್ಚಿಸಲು ಸಾಮಾನ್ಯವಾಗಿ ಬಿಸಿ ಹಾಯಿಸಿರುವುದಿಲ್ಲ, ಅದೇ ಗುಣಮಟ್ಟದ ಮಾಣಿಕ್ಯಕ್ಕಿಂತ ಅಗ್ಗ.

ನೀಲಕ್ಕೆ ಮಾತ್ರ ಒಂದು ಕಿವಿಮಾತು. ಶನಿಯ ಹರಳೆಂದು ಅಂಜುವ ಮನೆಗಳು ತೀರ್ಥಹಳ್ಳಿ, ಸಾಗರದ ಕಡೆ ಇವತ್ತಿಗೂ ಇವೆ. ನಿಮಗೆ ನಂಬಿಕೆ ಇರಲಿ ಬಿಡಲಿ, ಮುಂಗಡ ಕೊಡುವ ಮೊದಲು ಎರಡೂ ಮನೆಯವರನ್ನು ಕೇಳಿಬಿಡಿ. ಬೇಡವೆಂದರೆ ನೀಲಿ ಸ್ಪಿನೆಲ್ ಅದೇ ಬಣ್ಣದ ಆಸೆಯನ್ನು ತೀರಿಸುತ್ತದೆ.

ಬಿಳಿ ಹರಳುಗಳನ್ನು ಬೆರೆಸುವಾಗ

ವಜ್ರದ ಪಕ್ಕಕ್ಕೆ ವಜ್ರದಂತೆಯೇ ಕಾಣುವ ಮೊಯ್ಸನೈಟ್ ಹರಳನ್ನು ಇಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಾಳಿಕೆಯ ದೃಷ್ಟಿಯಿಂದ ತೊಂದರೆಯಿಲ್ಲ, ಅದರ ಗಡಸುತನ 9.25. ತೊಂದರೆ ಇರುವುದು ನೋಟದಲ್ಲಿ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಶಕ್ತಿ ವಜ್ರಕ್ಕೆ 0.044, ಮೊಯ್ಸನೈಟಿಗೆ 0.104. ಅಂಗಡಿಯ ದೀಪದಡಿ ಎರಡೂ ಒಂದೇ ಎನಿಸಿದರೂ ಹೊರಗಿನ ಬಿಸಿಲಿಗೆ ತಂದರೆ ಒಂದು ಬಿಳಿಯಾಗಿ ಮಿನುಗುತ್ತದೆ, ಇನ್ನೊಂದು ಕಾಮನಬಿಲ್ಲು ಚೆಲ್ಲುತ್ತದೆ. ಬೇಕೆಂದೇ ಮಾಡಿಸಿದರೆ ಸರಿ. ಉಳಿತಾಯಕ್ಕೆಂದು ಮಾಡಿಸಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಅಮೆರಿಕನ್ ಡೈಮಂಡ್ ಎಂದು ಮಾರುವ ಜಿರ್ಕೋನಿಯಾ ಇನ್ನೂ ಮೆದು, ಅಂಚುಗಳು ಬೇಗ ಸವೆಯುತ್ತವೆ. ಖರ್ಚು ಇಳಿಸಬೇಕಿದ್ದರೆ ಸುತ್ತಲಿನ ಸಣ್ಣ ಹರಳುಗಳಿಗೆ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಳಸಿ. ಅದು ಎಲ್ಲ ಗುಣಗಳಲ್ಲೂ ವಜ್ರವೇ. ಆದರೆ ಬಿಲ್ಲಿನಲ್ಲಿ ಲ್ಯಾಬ್ ವಜ್ರ ಎಂದೇ ಬರೆಸಿ. ಅಂಗಡಿಯಲ್ಲಿ ಬೀಪ್ ಎನ್ನುವ ಸಾಮಾನ್ಯ ಡೈಮಂಡ್ ಟೆಸ್ಟರ್ ಗಣಿಯ ವಜ್ರ, ಲ್ಯಾಬ್ ವಜ್ರ ಎರಡನ್ನೂ ಬೇರೆ ಮಾಡಿ ಹೇಳಲಾರದು.

ಅಳತೆ

ಹರಳುಗಳನ್ನು ಕ್ಯಾರೆಟ್ಟಿನಲ್ಲಿ ಹೊಂದಿಸಲು ಹೋಗಬೇಡಿ, ಮಿಲಿಮೀಟರಿನಲ್ಲಿ ಹೊಂದಿಸಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ ತೂಕ, ಗಾತ್ರವಲ್ಲ. ಒಂದು ಕ್ಯಾರೆಟ್ಟಿನ ದುಂಡು ವಜ್ರ ಸುಮಾರು 6.5 ಮಿ.ಮೀ. ಅಗಲವಿದ್ದರೆ, ಸಾಂದ್ರತೆ ಹೆಚ್ಚಿರುವ ನೀಲ ಅದೇ ತೂಕಕ್ಕೆ 6 ಮಿ.ಮೀ. ಆಸುಪಾಸು ಬರುತ್ತದೆ. ರಾಶಿ ಹರಳು ಮಾರುವವರು ಹೇಳುವ ರತ್ತಿಯ ತೂಕವಂತೂ ಎಲ್ಲ ಕಡೆ ಒಂದೇ ಇರುವುದಿಲ್ಲ.

ಮೂರು ಹರಳಿನ ಉಂಗುರದಲ್ಲಿ ಪಕ್ಕದ ವಜ್ರಗಳು ನಡುವಿನ ಹರಳಿನ ಅಗಲದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಇರಲಿ. ನಡುವೆ 6 ಮಿ.ಮೀ. ನೀಲವಿದ್ದರೆ ಅಕ್ಕಪಕ್ಕ 3ರಿಂದ 4 ಮಿ.ಮೀ. ಅದಕ್ಕಿಂತ ದೊಡ್ಡದಾದರೆ ವಜ್ರದ ಝಗಮಗ ನೀಲವನ್ನು ಕಪ್ಪಾಗಿ ಕಾಣಿಸುತ್ತದೆ. ಕಡುಗಪ್ಪು ನೀಲವಾದರೆ ಈ ದೋಷ ಇಮ್ಮಡಿ, ಮೋಡ ಮುಸುಕಿದ ನಮ್ಮ ಆಷಾಢದ ಬೆಳಕಿನಲ್ಲಿ ಅದು ಮಸಿಯ ಚುಕ್ಕೆ. ಒಂದು ಹದ ತಿಳಿಯಾದ ಬಣ್ಣವನ್ನೇ ಆರಿಸಿ. ಹರಳನ್ನು ಅಂಗಡಿಯ ಬಾಗಿಲಿಗೆ ತಂದು, ನೇರ ಬಿಸಿಲಲ್ಲದ ಬೆಳಕಿನಲ್ಲಿ ನೋಡದೆ ಒಪ್ಪಬೇಡಿ.

ಸುತ್ತ ಬಳಸಿ ಕಟ್ಟುವ ಹೇಲೋ ಬೇಕಿದ್ದರೆ 6 ಮಿ.ಮೀ. ಹರಳಿನ ಸುತ್ತ 1.3 ಮಿ.ಮೀ. ವಜ್ರಗಳು ಸುಮಾರು 16 ಹಿಡಿಸುತ್ತವೆ. ಒಂದೊಂದೂ ಒಂದು ಸೆಂಟ್ (ಕ್ಯಾರೆಟ್ಟಿನ ನೂರನೇ ಒಂದು ಭಾಗ), ಅಂದರೆ ಒಟ್ಟು 0.16 ಕ್ಯಾರೆಟ್. ವಜ್ರ ಎಷ್ಟು ಬಿಳಿ ಎಂಬುದನ್ನು ಡಿ ಅಕ್ಷರದಿಂದ ಎಣಿಸುತ್ತಾರೆ, ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚು. ಹಳದಿ ಚಿನ್ನದಲ್ಲಿ ಕಟ್ಟುವುದಾದರೆ ಇವಕ್ಕೆ ಡಿ, ಇ ಬಣ್ಣದ ದುಬಾರಿ ವಜ್ರ ದಂಡ, ಜಿ–ಎಚ್ ಸಾಕು. ಬಿಳಿ ಚಿನ್ನದಲ್ಲಿ ನೀಲದ ಪಕ್ಕಕ್ಕಾದರೆ ಎಫ್–ಜಿ ನೋಡಿ.

ಚಿನ್ನ ಮತ್ತು ಕಟ್ಟು

ಮನೆಯ ಹಿರಿಯರು 916 ಬೇಕೆಂದು ಹಟ ಹಿಡಿಯುವುದು ಇಲ್ಲೇ. 916 ಎಂದರೆ 22 ಕ್ಯಾರೆಟ್ (ಚಿನ್ನಕ್ಕೆ ಕ್ಯಾರೆಟ್ ತೂಕವಲ್ಲ, ಶುದ್ಧತೆಯ ಅಳತೆ), ಆ ಚಿನ್ನ ಮೆದು. ಅದರಲ್ಲಿ ಮಾಡಿದ, ಹರಳನ್ನು ಹಿಡಿದಿಡುವ ಸಪೂರ ಕೊಕ್ಕೆಗಳು, ಅಂದರೆ ಪ್ರಾಂಗ್‌ಗಳು, ಬಾಗಿ ಹರಳು ಉದುರುತ್ತದೆ. ಪ್ರಾಂಗ್ ಕಟ್ಟಿಗೆ 18 ಕ್ಯಾರೆಟ್, ಅಂದರೆ 750 ಮುದ್ರೆಯ ಚಿನ್ನವೇ ಸರಿ. 22ರಲ್ಲೇ ಆಗಬೇಕೆಂದರೆ ಹರಳಿನ ಸುತ್ತ ಪೂರ್ತಿ ಚಿನ್ನದ ಅಂಚು ಮಡಿಸುವ ಬೆಝೆಲ್ ಕಟ್ಟು ಮಾಡಿಸಿ. ಪಚ್ಚೆಯಾದರೆ ಯಾವ ಚಿನ್ನವಾದರೂ ಬೆಝೆಲ್ಲೇ ಮೇಲು.

ಕೆಂಪು ಹರಳಿನ ಹಳೆ ಒಡವೆಗಳಂತೆ ಹಿಂಬದಿ ಮುಚ್ಚಿ, ಒಳಗೆ ಹೊಳಪಿನ ತಗಡಿಟ್ಟು ಕಟ್ಟುವ ಕ್ಲೋಸ್ ಸೆಟ್ಟಿಂಗ್ ಉಂಗುರಕ್ಕೆ ಬೇಡ. ಪಾತ್ರೆ ತೊಳೆಯುವ ಕೈ, ಕೊಟ್ಟಿಗೆಗೆ ಹೋಗುವ ಕೈ, ನಾಲ್ಕು ತಿಂಗಳು ಬಿಡದ ಮಳೆ: ಸಂದಿಯಿಂದ ನೀರು ಒಳಸೇರಿ ತಗಡು ಕಪ್ಪಾಯಿತೆಂದರೆ ಹರಳು ಬಿಚ್ಚದೆ ಸರಿಪಡಿಸಲಾಗದು. ಹಿಂಬದಿ ತೆರೆದ ಕಟ್ಟಿನಲ್ಲಿ ಕೊಳೆ ಕೂತರೂ ಬ್ರಷ್ ಹಾಕಿ ತೆಗೆಯಬಹುದು. ಬೆರಳನ್ನು ಸುತ್ತುವ ಉಂಗುರದ ಬಳೆಯ ದಪ್ಪ 1.6 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ತೆಳುವಾದರೆ ಉಂಗುರ ಅಂಡಾಕಾರಕ್ಕೆ ಬಾಗಿ, ಮೊದಲು ಸಡಿಲವಾಗುವುದು ಪಕ್ಕದ ಸಣ್ಣ ವಜ್ರಗಳು.

ಮೊದಲು ಹರಳು ಕೊಂಡು, ಆಮೇಲೆ ಉಂಗುರ ಮಾಡಿಸಿ. ಬಣ್ಣದ ಹರಳುಗಳು ವಜ್ರದ ಹಾಗೆ ಸಿದ್ಧ ಅಳತೆಯಲ್ಲಿ ಕತ್ತರಿಸಿ ಬರುವುದಿಲ್ಲ. 6 ಎಂದದ್ದು 6.2 ಇರುತ್ತದೆ. ಅಕ್ಕಸಾಲಿಗರ ಬಳಿ ಕೆಲಸದ ಕ್ರಮವನ್ನೂ ಮಾತಾಡಿಕೊಳ್ಳಿ. ಬೆಸುಗೆ, ಆ್ಯಸಿಡ್ ತೊಳೆತ, ಪಾಲಿಶ್ ಎಲ್ಲ ಮುಗಿದ ಮೇಲೆ ವಜ್ರ ಕೂರಿಸಬೇಕು, ಮೆದು ಹರಳು ಕಟ್ಟಕಡೆಗೆ. ಅಡಿಕೆ ದುಡ್ಡು ಕೈಗೆ ಬಂದು ಮದುವೆಗಳು ಸಾಲುಗಟ್ಟುವ ತಿಂಗಳುಗಳಲ್ಲಿ ಅವಸರದ ಕಟ್ಟು ಬೀಳುವುದೇ ಹೆಚ್ಚು, ಒಂದೂವರೆ ತಿಂಗಳಾದರೂ ಮುಂಚೆ ಕೊಡಿ. ಶುಭಕಾರ್ಯಗಳಿಲ್ಲದ ಆಷಾಢ ಇದಕ್ಕೆ ಒಳ್ಳೆಯ ಕಾಲ. ಬೆರಳಿನ ಅಳತೆಯನ್ನು ಸಂಜೆ ಕೊಡಿ. ಚಳಿಯ ಬೆಳಿಗ್ಗೆ ಬೆರಳು ಸಣ್ಣಗಾಗಿರುತ್ತದೆ, ವೈಶಾಖದ ಸೆಕೆಯಲ್ಲಿ ಅದೇ ಉಂಗುರ ಗಂಟು ದಾಟುವುದಿಲ್ಲ.

ಬಿಲ್ಲು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಳ್ಳಿ, ಬೆಂಗಳೂರಿನಲ್ಲಿ ಕೊಳ್ಳಿ, ಬಿಲ್ಲಿನಲ್ಲಿ ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ವಜ್ರದ ಕ್ಯಾರೆಟ್, ಬಣ್ಣದ ಹರಳಿನ ಕ್ಯಾರೆಟ್ ಮತ್ತು ಅದರ ದರ ಬೇರೆ ಬೇರೆ ಸಾಲಿನಲ್ಲಿರಬೇಕು. ಉಂಗುರ 4.200 ಗ್ರಾಂ, ನೀಲ 1.10 ಕ್ಯಾರೆಟ್, ವಜ್ರಗಳು 0.16 ಕ್ಯಾರೆಟ್ ಎಂದಿಟ್ಟುಕೊಳ್ಳಿ. ಹರಳುಗಳು ಒಟ್ಟು 1.26 ಕ್ಯಾರೆಟ್, ಅಂದರೆ 0.252 ಗ್ರಾಂ. ಚಿನ್ನದ ದರ ಹಾಕಬೇಕಾದದ್ದು 3.948 ಗ್ರಾಂಗೆ ಮಾತ್ರ. ಈ ಕಾಲು ಗ್ರಾಂ ಕಳೆಯದಿದ್ದರೆ ಹರಳಿಗೂ ಚಿನ್ನದ ದುಡ್ಡು ಕೊಟ್ಟಂತೆ. ಚಿನ್ನದ ಶುದ್ಧತೆಯ ಬಿಐಎಸ್ ಮುದ್ರೆ ನೋಡಿ, ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಿ. ಅದು ಖಾತರಿ ಕೊಡುವುದು ಚಿನ್ನಕ್ಕೆ ಮಾತ್ರ. ಹರಳಿಗೆ ಜೆಮಾಲಜಿ ಲ್ಯಾಬ್‌ನ ಪ್ರತ್ಯೇಕ ವರದಿ ಬೇಕು. ಅದರಲ್ಲಿ ಸಂಸ್ಕರಣೆಯ ಬಗ್ಗೆ ಬರೆದದ್ದನ್ನು ಓದಿ. ಬಿಸಿ ಹಾಯಿಸಿದ ನೀಲ ಪರವಾಗಿಲ್ಲ. ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯವನ್ನು ಮಾತ್ರ ಮುಟ್ಟಬೇಡಿ, ನಿಂಬೆರಸ ಕೂಡ ಆ ಗಾಜನ್ನು ತಿನ್ನುತ್ತದೆ.

ಹಾಕಿಕೊಂಡ ಮೇಲೆ

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಎರಡೇ ದಿನಕ್ಕೆ ಮಂಕು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಮಕ್ಕಳ ಬ್ರಷ್‌ನಿಂದ ಹಿಂಬದಿ ಉಜ್ಜಿ. ವಜ್ರ, ನೀಲ, ಸ್ಪಿನೆಲ್ ಇದಕ್ಕೆ ಒಗ್ಗುತ್ತವೆ. ಪಚ್ಚೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ಬಿರುಕಿನ ಎಣ್ಣೆ ಹೊರಬಂದು ಒಳಗಿನ ಜಾಲವೆಲ್ಲ ಎದ್ದು ಕಾಣುತ್ತದೆ. ಮುತ್ತಿದ್ದರೆ ಮುರುಗಲು, ಹುಣಸೆ, ಉಪ್ಪಿನಕಾಯಿ ರಸದಿಂದ ದೂರ. ಮುತ್ತು ಸುಣ್ಣದಂಶದ್ದು, ಹುಳಿಗೆ ಕರಗುತ್ತದೆ. ಅರಿಶಿನ ಶಾಸ್ತ್ರಕ್ಕೂ ಅಡಿಕೆ ಚೊಗರಿನ ಕೆಲಸಕ್ಕೂ ಮುಂಚೆ ಉಂಗುರ ತೆಗೆದಿಡಿ. ಬೇರೆ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಒಂದರ ವಜ್ರಗಳೇ ಇನ್ನೊಂದರ ನೀಲವನ್ನು ಗೀರುತ್ತವೆ.

ಆರು ತಿಂಗಳಿಗೊಮ್ಮೆ ಹತ್ತಿಯ ನೂಲನ್ನು ಪ್ರಾಂಗ್‌ಗಳ ಮೇಲೆ ಎಳೆದು ನೋಡಿ. ಸಿಕ್ಕಿಕೊಂಡರೆ ಆ ಪ್ರಾಂಗ್ ಎದ್ದಿದೆ. ಕಿವಿಯ ಬಳಿ ಬೆರಳಿನಿಂದ ತಟ್ಟಿದಾಗ ಸಣ್ಣಗೆ ಗಿಲಕಿದರೆ ಹರಳು ಸಡಿಲ. ಉಂಗುರ ಬಿಗಿಯಾಗಿ ದೊಡ್ಡದು ಮಾಡಿಸಲು ಕೊಡುವಾಗ ಲ್ಯಾಬ್ ವರದಿಯ ನಕಲನ್ನೂ ಜೊತೆಗೆ ಕೊಡಿ. ಬೆಸುಗೆಯ ಬೆಂಕಿಗೆ ಎಚ್ಚರದಿಂದ ಹಿಡಿದರೆ ವಜ್ರ ತಾಳಿಕೊಳ್ಳುತ್ತದೆ, ಪಚ್ಚೆ, ಓಪಲ್, ಮುತ್ತು ತಾಳುವುದಿಲ್ಲ. ಅವನ್ನು ಬಿಚ್ಚಿಟ್ಟೇ ಬೆಸೆಯಬೇಕೆಂದು ರಸೀದಿಯ ಮೇಲೆ ಬರೆಸಿಕೊಳ್ಳಿ.