ಎರಡು ಗುಂಪು ಮಾಡಿ ನೋಡಿ: ಬುರುಡೆಗಳ ಜತೆ ನನ್ನ ಅನುಭವ

"ಒಂದು ಜೀವಿ ಇನ್ನೊಂದಾಗುವ ನಡುವಿನ ಕೊಂಡಿ ಎಲ್ಲಿದೆ, ತೋರಿಸಿ." ವಿಕಾಸದ ಬಗ್ಗೆ ಮಾತಾಡಲು ಹೋದವರೆಲ್ಲ ಇದನ್ನು ಕೇಳಿಸಿಕೊಂಡವರೇ. ವರ್ಷಗಟ್ಟಲೆ ನಾನು ಸ್ಲೈಡ್ ತೋರಿಸಿ ಉತ್ತರ ಹೇಳಿದೆ. ಈಗ ಹೇಳುವುದಿಲ್ಲ. ಮೇಜಿನ ಮೇಲೆ ಬುರುಡೆಗಳನ್ನು ಇಟ್ಟು, "ಮನುಷ್ಯರದ್ದು ಈ ಕಡೆ, ವಾನರರದ್ದು ಆ ಕಡೆ ಇಡಿ" ಎನ್ನುತ್ತೇನೆ. ಜತೆಯವರು ಬೇಡವೇ ಬೇಡ ಎಂದಿದ್ದರು. ಎರಡು ನಿಮಿಷದಲ್ಲಿ ವಿಂಗಡಿಸಿ, ನಡುವೆ ಏನೂ ಇಲ್ಲ ನೋಡಿ ಅಂತ ಎದ್ದು ಹೋಗ್ತಾರೆ ಎಂಬುದು ಅವರ ಭಯ. ಆದದ್ದು ಪೂರ್ತಿ ಉಲ್ಟಾ.

ಮೊದಲು ಏನೇನು ಕೈಕೊಟ್ಟಿತು ಹೇಳುತ್ತೇನೆ. ಬಂಡೆಯ ವಯಸ್ಸು ಹೇಳುವ ಆರ್ಗಾನ್ ಕಾಲನಿರ್ಣಯ ವಿವರಿಸಲು ಹೊರಟರೆ ಅರ್ಧ ಜನ ಮೊಬೈಲ್ ತೆಗೆಯುತ್ತಾರೆ. ತಿಮಿಂಗಿಲದ ಸಾಲು, ಅಂದರೆ ನೆಲದಿಂದ ನೀರಿಗೆ ಇಳಿದ ಅದರ ಹಳೆಯ ನೆಂಟರಾದ ಪ್ಯಾಕಿಸೀಟಸ್, ಆಂಬ್ಯುಲೋಸೀಟಸ್, ಬ್ಯಾಸಿಲೋಸಾರಸ್ ಚಿತ್ರಗಳನ್ನು ಹಿಡಿದರೆ, "ಜೋಡಿಸಿದ್ದು ನೀವೇ ಅಲ್ವಾ?" ಎನ್ನುತ್ತಾರೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಪಳೆಯುಳಿಕೆ ಟಿಕ್ಟಾಲಿಕ್‌ನ ಕಥೆ ನನಗೆ ಬಹಳ ಇಷ್ಟ. ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲೇ ಹುಡುಕಬೇಕು ಎಂದು ಮೊದಲೇ ಲೆಕ್ಕ ಹಾಕಿ, ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ, 2004ರಲ್ಲಿ ವಿಜ್ಞಾನಿಗಳು ಅದನ್ನು ಕಂಡುಕೊಂಡರು. ಇಷ್ಟೆಲ್ಲ ಹೇಳಿದ ಮೇಲೂ "ಅದು ಮೀನೇ" ಎಂಬ ಒಂದೇ ಮಾತಿಗೆ ಸಭೆ ತಲೆದೂಗುತ್ತದೆ.

ಆಗ ಬುರುಡೆಗೆ ಬಂದೆ. ಮೂಲದ ಅಚ್ಚು ತೆಗೆದು ಮಾಡಿದ ಒಳ್ಳೆಯ ಒಂದು ನಕಲಿನ, ಅಂದರೆ ಕ್ಯಾಸ್ಟ್‌ನ, ಬೆಲೆಗೆ ಒಂದು ಸಣ್ಣ 3ಡಿ ಪ್ರಿಂಟರೇ ಬರುತ್ತದೆ. ಹಾಗಾಗಿ ಎರಡನ್ನು ಮಾತ್ರ ಕೊಂಡೆ: ದಕ್ಷಿಣ ಆಫ್ರಿಕಾದ 'ಮಿಸೆಸ್ ಪ್ಲೆಸ್' ಎಂಬ ಆಸ್ಟ್ರಲೋಪಿಥೆಕಸ್ ಬುರುಡೆ, ಜಾರ್ಜಿಯಾ ದೇಶದ ದ್ಮಾನಿಸಿ ಎಂಬಲ್ಲಿ ಸಿಕ್ಕ ಐದನೇ ಬುರುಡೆ. ಉಳಿದದ್ದೆಲ್ಲ ಪ್ರಿಂಟ್. ಕೀನ್ಯಾದ ಟರ್ಕಾನಾ ಸರೋವರದ ಬಳಿ ಸಿಕ್ಕ ಬುರುಡೆಗಳ ಸ್ಕ್ಯಾನ್ 'ಆಫ್ರಿಕನ್ ಫಾಸಿಲ್ಸ್' ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ದಕ್ಷಿಣ ಆಫ್ರಿಕಾದ ಹಳೆಯ ಮಾನವ ಜಾತಿ ಹೋಮೋ ನಲೇಡಿಯದ್ದು 'ಮಾರ್ಫೋಸೋರ್ಸ್' ತಾಣದಲ್ಲಿ. ಪ್ರಿಂಟರ್‌ಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ತಂತಿಯ ಒಂದು ರೋಲ್‌ನಲ್ಲಿ ಹೆಚ್ಚುಕಮ್ಮಿ ಮೂರು ಬುರುಡೆ ಏಳುತ್ತವೆ. ಪ್ರಿಂಟ್ ಆಗುವಾಗ ಆಧಾರಕ್ಕೆ ನಿಲ್ಲಿಸುವ ಸಪೋರ್ಟ್‌ಗೇ ಕಾಲು ಭಾಗ ವ್ಯರ್ಥವಾಗುತ್ತಿತ್ತು. ನಡುನೆತ್ತಿಯ ಗೆರೆಯಲ್ಲಿ ಎರಡು ಹೋಳು ಮಾಡಿ, ಸೀಳಿದ ಮುಖ ಕೆಳಗಿಟ್ಟು ಪ್ರಿಂಟ್ ಮಾಡಿದ ಮೇಲೆ ಖರ್ಚು ಇಳಿಯಿತು.

ದುಡ್ಡು ಉಳಿಸಲು ಅರ್ಧ ಗಾತ್ರದಲ್ಲೂ ಪ್ರಿಂಟ್ ಮಾಡಿ ನೋಡಿದೆ. ಎಲ್ಲವೂ ಆಟಿಕೆಯಾಗಿಬಿಟ್ಟವು, ಕೈ ತುಂಬಲಿಲ್ಲ, ಯಾರೂ ಎತ್ತಿ ನೋಡಲಿಲ್ಲ. ಪೂರ್ಣ ಗಾತ್ರವೇ ಬೇಕು. ಬಣ್ಣವೂ ಅಷ್ಟೇ ಮುಖ್ಯ. ಕೊಂಡ ಕ್ಯಾಸ್ಟ್‌ಗಳ ಕಂದು ಬಣ್ಣ ನೋಡಿಯೇ ಜನ "ಇದು ಹಳೆಯದು" ಎಂದುಬಿಡುತ್ತಾರೆ. ಆದ್ದರಿಂದ ಎಲ್ಲಕ್ಕೂ ಹೊಳಪಿಲ್ಲದ ಒಂದೇ ಬೂದು ಬಣ್ಣ, ಚಿಂಪಾಂಜಿಗೂ ನಮ್ಮ ಬುರುಡೆಗೂ ಸೇರಿ.

ಈಗ ಮೇಜಿನ ಹತ್ತಿರ ಬನ್ನಿ. ಚಿಂಪಾಂಜಿ ಆ ಕಡೆ, ನಮ್ಮದು ಈ ಕಡೆ, ನಮ್ಮ ಹತ್ತಿರದ ನೆಂಟ ನಿಯಾಂಡರ್ತಾಲ್ ಮಾನವ ಈ ಕಡೆ: ಇದಕ್ಕೆ ಹೊತ್ತು ಬೇಕಿಲ್ಲ. ಆಮೇಲೆ ಕೈ ನಿಧಾನವಾಗುತ್ತದೆ. 1470 ಮತ್ತು 1813 ಎಂಬ ಟರ್ಕಾನಾದ ಎರಡು ಬುರುಡೆಗಳಿವೆಯಲ್ಲ, ಅವೇ ನನ್ನ ಆಸ್ತಿ. 1470ರ ಮಿದುಳು ಸುಮಾರು 750 ಸಿಸಿ (ಘನ ಸೆಂಟಿಮೀಟರ್), ಮುಖ ಮಾತ್ರ ಅಗಲ, ಚಪ್ಪಟೆ. 1813ರ ಮಿದುಳು 510ರ ಆಸುಪಾಸು, ಮುಖ ಚಿಕ್ಕದು, ನಮಗೆ ಹತ್ತಿರ. ಒಬ್ಬರು ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಹೆಬ್ಬೆರಳನ್ನು ಹುಬ್ಬಿನ ಮೂಳೆಯ ಮೇಲೆ ಆಡಿಸುತ್ತಾ ನಿಂತೇಬಿಟ್ಟರು. 1813ನ್ನು ಈ ಕಡೆ ಇಟ್ಟರು, ತೆಗೆದು ಆ ಕಡೆ ಇಟ್ಟರು. ಅವರ ಪಕ್ಕದಲ್ಲಿದ್ದವರು ಅದನ್ನು ವಾಪಸ್ ಈ ಕಡೆ ತಂದರು. ಇಬ್ಬರೂ ಸೃಷ್ಟಿವಾದದ, ಅಂದರೆ ಜೀವಿಗಳನ್ನು ದೇವರು ಬೇರೆ ಬೇರೆಯಾಗಿಯೇ ಸೃಷ್ಟಿಸಿದ ಎಂಬ ವಾದದ, ಪರವೇ! ಜಗಳ ಶುರುವಾಗಿದ್ದು ಅವರವರಲ್ಲೇ, ನಾನು ಬಾಯಿ ಬಿಡಲಿಲ್ಲ.

ಆಗ ಹೇಳುತ್ತೇನೆ: ಇದು ನಿಮ್ಮಿಬ್ಬರ ತೊಂದರೆ ಅಲ್ಲ. 1891ರಲ್ಲಿ ಡಚ್ ವೈದ್ಯ ಡುಬ್ವಾ ಜಾವಾ ದ್ವೀಪದಲ್ಲಿ ಅಗೆದು ತೆಗೆದ 'ಜಾವಾ ಮಾನವ'ನನ್ನು ಸೃಷ್ಟಿವಾದಿ ಡ್ವೇನ್ ಗಿಶ್ ವಾನರ ಎಂದರು, ಅದೇ ಪಂಥದ ಮಾರ್ವಿನ್ ಲುಬೆನೋ ಮನುಷ್ಯ ಎಂದರು. ನಡುವೆ ದೊಡ್ಡ ಕಂದರ ಇದ್ದಿದ್ದರೆ ಅದು ಎಲ್ಲಿದೆ ಎಂಬುದರಲ್ಲಿ ಒಮ್ಮತ ಇರಬೇಕಿತ್ತಲ್ಲ? ಕೊನೆಗೆ ದ್ಮಾನಿಸಿಯದನ್ನು ಕೈಗೆ ಕೊಡುತ್ತೇನೆ. ಸುಮಾರು 18 ಲಕ್ಷ ವರ್ಷ ಹಳೆಯದು, ಮಿದುಳು 546 ಸಿಸಿ, ದವಡೆ ದೈತ್ಯ. ಅದೇ ಜಾಗದಲ್ಲಿ ಸಿಕ್ಕ ಇನ್ನೂ ನಾಲ್ಕು ಬುರುಡೆಗಳ ಚಿತ್ರ ಪಕ್ಕದಲ್ಲಿಟ್ಟರೆ, ಎಷ್ಟೋ ಜನ ಆ ಐದನ್ನೇ ಎರಡು ಗುಂಪಿಗೆ ಹಂಚುತ್ತಾರೆ.

ಪಿಲ್ಟ್‌ಡೌನ್ ಪ್ರಶ್ನೆ ಬಂದೇ ಬರುತ್ತದೆ. ತಪ್ಪಿಸಿಕೊಳ್ಳಬೇಡಿ. ಮನುಷ್ಯನ ಬುರುಡೆಗೆ ವಾನರನ ದವಡೆ ಸೇರಿಸಿ ಇಂಗ್ಲೆಂಡಿನಲ್ಲಿ ಮಾಡಿದ 1912ರ ಮೋಸ ಅದು, 1953ರಲ್ಲಿ ಬಯಲಾಯಿತು, ಬಯಲು ಮಾಡಿದ್ದು ವಿಜ್ಞಾನಿಗಳೇ. ಆಫ್ರಿಕಾದ ಬುರುಡೆಗಳು ಸಿಗುತ್ತಾ ಹೋದ ಹಾಗೆ ಅದು ಯಾವ ಸಾಲಿಗೂ ಕೂರದೆ ಹೊರಗುಳಿದಿತ್ತು ಎಂದು ಮೇಜು ತೋರಿಸಿ ಹೇಳಿ.

ಮಧ್ಯೆ ಸಾಸಿವೆ ತುಂಬಿ ಮಿದುಳಿನ ಗಾತ್ರ ಅಳೆಯಿಸೋಣ ಅಂತ ಹೊರಟೆ. ಮೇಲ್ಮೈ ಸ್ಕ್ಯಾನ್‌ಗೆ ಒಳಗಿನ ಪೊಳ್ಳೇ ಇರುವುದಿಲ್ಲ, ಬರೀ ಪ್ಲಾಸ್ಟಿಕ್ ಜಾಲರಿ. ಸಿಟಿ ಸ್ಕ್ಯಾನ್‌ನಿಂದ ಮಾಡಿದ ಚಿಂಪಾಂಜಿ ಮತ್ತು ನಮ್ಮ ಬುರುಡೆಯಲ್ಲಿ ಮಾತ್ರ ನಡೆಯಿತು: 380 ಚಿಲ್ಲರೆ, 1300 ಚಿಲ್ಲರೆ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ.

ದೇವರ ಮಾತು ನಾನು ಎತ್ತುವುದಿಲ್ಲ, ಯಾರಾದರೂ ಎತ್ತಿದರೆ ಕೇಳಿಸಿಕೊಳ್ಳುತ್ತೇನೆ. ಮೇಜಿನ ಮೇಲಿರುವುದು ಮೂಳೆಯ ಪ್ರಶ್ನೆ ಮಾತ್ರ. ಬಂದವರಲ್ಲಿ ಮೂರರಲ್ಲಿ ಒಬ್ಬರಾದರೂ ಸುಮ್ನೆ ಹೋಗುವುದಿಲ್ಲ, ಉಳಿದು ಇನ್ನೊಮ್ಮೆ ವಿಂಗಡಿಸುತ್ತಾರೆ. ಸ್ಲೈಡ್ ತೋರಿಸುತ್ತಿದ್ದಾಗ ಹೀಗೆ ಒಬ್ಬರೂ ಉಳಿದದ್ದಿಲ್ಲ.

ಮಿಕ್ಕ ಬುರುಡೆಗಳನ್ನು ಯಾವ ಕ್ರಮದಲ್ಲಿ ಕೈಗೆ ಕೊಡುತ್ತೇನೆ, ನಲೇಡಿಯನ್ನು ಯಾವಾಗ ಹೊರಗೆ ತೆಗೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಗುಟ್ಟು. ಸ್ವಂತ ಮೇಜು ಹಾಕುವವರು 1470 ಮತ್ತು 1813ನ್ನು ಮೊದಲು ಪ್ರಿಂಟ್ ಮಾಡಿಕೊಳ್ಳಿ, ಮಿಕ್ಕಿದ್ದು ದುಡ್ಡು ಬಂದ ಹಾಗೆ.