ಲೆವೆಲ್ ಪೈಪಿನಿಂದ ಒತ್ತಡ ಕಲಿತ ಬಗೆ

ದ್ರವದೊಳಗಿನ ಒತ್ತಡವೆಂದರೆ ಆಳ, ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧ ಎಂಬ ಸೂತ್ರ ಪಿಯುಸಿಯಿಂದಲೂ ನನಗೆ ಬಾಯಿಪಾಠವಾಗಿತ್ತು. ಆದರೂ ಸಾವಿರ ಲೀಟರಿನ ಟ್ಯಾಂಕಿನ ತಳದಲ್ಲೂ ಅಷ್ಟೇ ಎತ್ತರಕ್ಕೆ ನೀರು ತುಂಬಿದ ಬೆರಳುಗಾತ್ರದ ಕೊಳವೆಯ ತಳದಲ್ಲೂ ಒತ್ತಡ ಒಂದೇ ಎಂಬುದನ್ನು ಮನಸ್ಸು ಒಪ್ಪುತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ಈ ಪಾಠ ಮಾಡಬೇಕಾಗಿ ಬಂದಾಗ, ನನಗೇ ಮನವರಿಕೆಯಾಗದ್ದನ್ನು ಮಕ್ಕಳಿಗೆ ಹೇಳಬಾರದೆಂದು ಮೊದಲಿನಿಂದ ಕಲಿಯಲು ಕುಳಿತೆ.

ಬೆಂಗಳೂರಿನ ನಮ್ಮ ಮನೆಯ ಪಕ್ಕದಲ್ಲಿ ಗಾರೆ ಕೆಲಸದವರು ಪಾಯದ ಮಟ್ಟ ನೋಡಲು ನೀರು ತುಂಬಿದ ಲೆವೆಲ್ ಪೈಪನ್ನು ಹಿಡಿಯುತ್ತಿದ್ದರು. ಅಂಥದೇ ಮೂರು ಮೀಟರ್ ಪೈಪು ತಂದು, ಬಕೆಟ್ಟಿನ ತಳದ ಬಳಿ ತೂತು ಕೊರೆದು ಒಂದು ತುದಿಯನ್ನು ಸೋರದಂತೆ ಕೂಡಿಸಿ, ಇನ್ನೊಂದನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. ಬಕೆಟ್ಟಿನಲ್ಲಿ ಹತ್ತು ಲೀಟರ್, ನಿಂತ ಪೈಪಿನಲ್ಲಿ ಅರ್ಧ ಲೋಟವೂ ಇಲ್ಲ. ಆದರೂ ಮಟ್ಟ ಒಂದೇ. ಒತ್ತಡವು ನೀರಿನ ಪ್ರಮಾಣವನ್ನು ಅವಲಂಬಿಸಿದ್ದರೆ ಪೈಪಿನ ನೀರು ಉಕ್ಕಿ ಹೊರಗೆ ಬರಬೇಕಿತ್ತು. ಅಗಲವಾದ ತಳದ ಮೇಲೆ ಬೀಳುವ ಒಟ್ಟು ಬಲ ಹೆಚ್ಚು, ಒಂದೊಂದು ಚದರ ಸೆಂಟಿಮೀಟರಿನ ಪಾಲು ಮಾತ್ರ ಅಷ್ಟೇ ಎಂಬುದು ಅಂದು ಕಣ್ಣಿಗೆ ಕಂಡಿತು.

ಹೆಚ್ಚು ಕಲಿಸಿದ್ದು ಗುಳ್ಳೆ. “ಗುಳ್ಳೆ ಇದ್ರೆ ಲೆವೆಲ್ ತಪ್ಪತ್ತೆ ಸಾರ್” ಎಂದು ಮೇಸ್ತ್ರಿ ಎಚ್ಚರಿಸಿದ್ದರು. ಏಕೆ ತಪ್ಪುತ್ತದೆಂದು ನೋಡಲು ಬೇಕೆಂದೇ ಗುಳ್ಳೆ ಸೇರಿಸಿದೆ. ನೆಲದ ಮೇಲೆ ಮಲಗಿದ ಭಾಗದಲ್ಲಿ ಅದು ಎಷ್ಟು ಉದ್ದವಿದ್ದರೂ ಮಟ್ಟ ಕದಲಲಿಲ್ಲ. ನಿಂತ ಭಾಗದಲ್ಲಿ ಪೈಪಿನ ಪೂರ್ತಿ ಅಗಲಕ್ಕೆ ಸಿಕ್ಕಿಕೊಂಡ ಎರಡು ಸೆಂಟಿಮೀಟರ್ ಗುಳ್ಳೆಯಾದರೋ ನೀರನ್ನು ಬಕೆಟ್ಟಿನ ಮಟ್ಟಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಮೇಲಕ್ಕೆ ನಿಲ್ಲಿಸಿತು. ಗಾಳಿಗೆ ಎತ್ತರವಿದೆ, ಹೇಳಿಕೊಳ್ಳುವಷ್ಟು ತೂಕವಿಲ್ಲ. ಆ ಕೊರತೆಯನ್ನು ನೀರು ಇನ್ನಷ್ಟು ಏರಿ ತುಂಬಬೇಕು. ಸೂತ್ರದಲ್ಲಿ ಎತ್ತರದ ಜೊತೆ ಸಾಂದ್ರತೆ ಏಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಆಮೇಲೆ ಎಣ್ಣೆ ಹಾಕಿಯೂ ನೋಡಿದೆ. ಡಿಸೆಂಬರಿನ ಬೆಳಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರಿಂದ ಕಡಲೆಕಾಯಿ ಎಣ್ಣೆ ಬಳಸಿದೆ. 20 ಸೆಂಟಿಮೀಟರ್ ಎಣ್ಣೆಗೆ 18ಕ್ಕಿಂತ ತುಸು ಹೆಚ್ಚು ನೀರು ಸರಿತೂಗಿತು.

ವಾತಾವರಣದ ಒತ್ತಡಕ್ಕೆ ಬಂದಾಗ ಈ ಲೆಕ್ಕವೇ ಕೈಹಿಡಿಯಿತು. 1648ರಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಕೋರಿಕೆಯಂತೆ ಅವನ ಭಾವ ಪೆರಿಯೆ ಫ್ರಾನ್ಸಿನ ಪ್ಯೂ ದ ಡೋಮ್ ಬೆಟ್ಟವನ್ನು ಹತ್ತಿದಾಗ ಒತ್ತಡಮಾಪಕದ ಕೊಳವೆಯಲ್ಲಿನ ಪಾದರಸ ಇಳಿದದ್ದು, ಮೇಲಿರುವ ಗಾಳಿಯ ಕಂಬ ಗಿಡ್ಡವಾದದ್ದರಿಂದ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಪಾದರಸ ಸಮುದ್ರಮಟ್ಟದಲ್ಲಿರುವಂತೆ 76 ಸೆಂಟಿಮೀಟರ್ ಅಲ್ಲ, 68ರ ಆಸುಪಾಸಿನಲ್ಲಿ ನಿಲ್ಲಬೇಕು. ನನ್ನ ಫೋನಿನ ಒತ್ತಡಮಾಪಕ 910 ಹೆಕ್ಟೊಪ್ಯಾಸ್ಕಲ್ ತೋರಿಸುವಾಗ ಹವಾಮಾನ ವರದಿಯಲ್ಲಿ 1010ರಷ್ಟು ಇರುವುದೇಕೆಂದು ಮೊದಲು ಗೊಂದಲವಾಗಿತ್ತು. ವರದಿಯ ಅಂಕಿ, ನಮ್ಮ ಕಾಲಕೆಳಗಿನ ಆ 900 ಮೀಟರಿಗೂ ಗಾಳಿಯ ಕಂಬವನ್ನು ಸೇರಿಸಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು.