ಅಕ್ಕಿ ದುಡ್ಡು ನಿಂತ ಮೇಲೆ ಮನೆ ಖರ್ಚು ತೂಗಿಸುವುದು ಹೇಗೆ?

ಅನ್ನಭಾಗ್ಯದಲ್ಲಿ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರಲ್ಲಿ ಅದು ನಿಂತು ಅಕ್ಕಿಯೇ ಬರತೊಡಗಿತು. ನಾಲ್ಕು ಜನರ ಮನೆಗೆ ತಿಂಗಳಿಗೆ 680 ರೂಪಾಯಿ ಕೈಗೆ ಬರುವುದು ನಿಂತಿತು. ಬೇಳೆ, ಎಣ್ಣೆ ಆ ದುಡ್ಡಲ್ಲೇ ಬರುತ್ತಿತ್ತು ಅಲ್ವಾ?

ಮೊದಲು ಅಂಗಡಿ ಅಕ್ಕಿ ನಿಲ್ಲಿಸಿ. ದೋಸೆ, ಇಡ್ಲಿ, ರೊಟ್ಟಿ ಹಿಟ್ಟಿಗೆಲ್ಲ ರೇಷನ್ ಅಕ್ಕಿಯನ್ನೇ ಬಳಸಿ, ಹಾಗೆ ಉಳಿದ ದುಡ್ಡನ್ನು ಅವತ್ತೇ ಬೇಳೆ, ಎಣ್ಣೆಗೆ ಅಂತ ಬೇರೆ ಡಬ್ಬಿಗೆ ಹಾಕಿಡಿ, ಇಲ್ಲದಿದ್ದರೆ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಮಿಕ್ಕ ಅಕ್ಕಿ ಮಾರಬೇಡಿ, ಕಾರ್ಡೇ ರದ್ದಾಗಬಹುದು.

ಗೃಹಲಕ್ಷ್ಮಿಯ 2000 ರೂಪಾಯಿ ಒಮ್ಮೊಮ್ಮೆ ತಡವಾಗುತ್ತದೆ. ಹಾಗಾಗಿ ಸಂಘದ ಕಂತು, ಬಾಡಿಗೆಯಂಥ ತಾರೀಖಿನ ಖರ್ಚನ್ನು ಅದರ ಮೇಲೆ ಹಾಕಲೇಬೇಡಿ. ಕೂಲಿ, ಸಂಬಳದಿಂದ ಅವನ್ನು ಕಟ್ಟಿ. ಗೃಹಲಕ್ಷ್ಮಿ ಬಂದಾಗ ಮಕ್ಕಳ ಪುಸ್ತಕ, ಸಿಲಿಂಡರ್ ಅಂತ ಸ್ವಲ್ಪ ತಡೆಯುವ ಖರ್ಚಿಗೆ ಇಡಿ. ಎರಡು ಕಂತು ಒಟ್ಟಿಗೆ ಬಂದರೆ ಮೊದಲು ಅಂಗಡಿ ಸಾಲ ತೀರಿಸಿ.

ಗೃಹಜ್ಯೋತಿ ಬಿಲ್ ಸುಮ್ನೆ ಮಡಚಿಡಬೇಡಿ. ನಿಮ್ಮ ಹಳೆಯ ಸರಾಸರಿಗೆ 10% (ತೀರಾ ಕಡಿಮೆ ಬಳಸುವವರಿಗೆ 10 ಯೂನಿಟ್) ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ಅದಕ್ಕಿಂತ ಜಾಸ್ತಿಯಾದದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ.

ಗೃಹಲಕ್ಷ್ಮಿ ದುಡ್ಡು ಬರಲೇ ಇಲ್ಲ ಅಂದರೆ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಲ್ಲಿ ಕೇಳಿ. ಅದು ಸರಿಯಿದ್ದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ ವಿಚಾರಿಸಿ. ರೇಷನ್ ಕಾರ್ಡ್, ಪಾಸ್‌ಬುಕ್ ಎರಡರ ಜೆರಾಕ್ಸೂ ಜೊತೆಗಿರಲಿ.